ಬಿಡುಗಡೆಯಾದಾಗ ಮಕಾಡೆ ಮಲಗಿ ಆಮೇಲೆ ಎದ್ದು ಕೂತ ಸಿನಿಮಾಗಳು: ಎಬ್ಬಿಸಿದ್ದು ಯಾರು?

ಮಂಕುಪರದೆ:

“ಕಾಲಕ್ಕಿಂತ ಮುಂದಿದ್ದ ಸಿನಿಮಾ, ಪಾಪ, ಆಗಿನ ಜನಕ್ಕೆ ಅರ್ಥವಾಗಲಿಲ್ಲ.” ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಿನಿಮಾ ತೋಪೆದ್ದು ಹೋದಾಗ ನಿರ್ದೇಶಕರೂ ಇದನ್ನೇ ಹೇಳ್ತಾರೆ, ಹತ್ತು ವರ್ಷ ಬಿಟ್ಟು ಅಭಿಮಾನಿಗಳೂ ಇದನ್ನೇ ಹೇಳ್ತಾರೆ. ನನ್ನ ವಾದ ಬೇರೆ. ಸೋತ ಸಿನಿಮಾ ತಾನಾಗಿ ಏಳಲ್ಲ. ಯಾರೋ ಅದನ್ನ ಜನರ ಕಣ್ಣಿಗೆ ಮತ್ತೆ ಮತ್ತೆ ಬೀಳಿಸಿರ್ತಾರೆ. ಅದೂ ಎಷ್ಟೋ ಸಲ ಪ್ರೀತಿಯಿಂದಲ್ಲ, ಅಗ್ಗಕ್ಕೆ ಸಿಕ್ತು ಅಂತ.

ಇದಕ್ಕೆ ನನ್ನ ಮುಖ್ಯ ಸಾಕ್ಷಿ ಫ್ರಾಂಕ್ ಕಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. 1946ರ ಡಿಸೆಂಬರ್‌ನಲ್ಲಿ ಬಂತು. ಯುದ್ಧದ ಕೆಲಸ ಮುಗಿಸಿ ಬಂದ ಕಾಪ್ರಾ ದೊಡ್ಡ ಸ್ಟುಡಿಯೋಗಳ ಹಂಗೇ ಬೇಡ ಅಂತ ಲಿಬರ್ಟಿ ಫಿಲ್ಮ್ಸ್ ಅನ್ನೋ ಸ್ವಂತ ಕಂಪನಿ ಕಟ್ಟಿಕೊಂಡಿದ್ರು. 30 ಲಕ್ಷ ಡಾಲರ್‌ಗೂ ಮೇಲೆ ಸುರಿದ್ರು. ಗಲ್ಲಾಪೆಟ್ಟಿಗೆಯಲ್ಲಿ ಅಸಲೂ ಹುಟ್ಟಲಿಲ್ಲ, 1947ರಲ್ಲಿ ಕಂಪನಿಯನ್ನೇ ಪ್ಯಾರಾಮೌಂಟ್‌ಗೆ ಮಾರಬೇಕಾಯ್ತು. ಐದು ಆಸ್ಕರ್ ನಾಮನಿರ್ದೇಶನ ಇತ್ತು, ಐದರಲ್ಲಿ ಒಂದೂ ಬರಲಿಲ್ಲ. ಬಂದಿದ್ದು ಹಿಮಕ್ಕೆ ಒಂದು ತಾಂತ್ರಿಕ ಪ್ರಶಸ್ತಿ ಅಷ್ಟೇ! ಆ ಕಾಲದಲ್ಲಿ ಸಿನಿಮಾದ ಹಿಮ ಅಂದ್ರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ನಡೆದ್ರೆ ಹಪ್ಪಳ ಮುರಿದ ಹಾಗೆ ಸದ್ದು, ಮಾತೆಲ್ಲ ಆಮೇಲೆ ಕೂತು ಡಬ್ ಮಾಡಬೇಕು. ಇವರು ಬೆಂಕಿ ಆರಿಸೋ ನೊರೆಗೆ ಸೋಪು ನೀರು ಬೆರೆಸಿ, ಗಾಳಿಯಂತ್ರದ ಮುಂದೆ ಚಿಮ್ಮಿಸಿ, ಸದ್ದೇ ಮಾಡದ ಹಿಮ ಬೀಳಿಸಿದ್ರು. ಶೂಟಿಂಗ್ ನಡೆದಿದ್ದು ಬೇಸಿಗೆಯಲ್ಲಿ. ಸೇತುವೆ ಮೇಲಿನ ದೃಶ್ಯ ಗಮನವಿಟ್ಟು ನೋಡಿ, ಸುತ್ತ ಹಿಮ, ಜೇಮ್ಸ್ ಸ್ಟುವರ್ಟ್ ಮುಖದಲ್ಲಿ ಬೆವರು.

ಇಷ್ಟೆಲ್ಲಾ ಮಾಡಿದ ಸಿನಿಮಾ ಮುಂದೆ ಮೂಲೆ ಸೇರ್ತು. ಮತ್ತೆ ಎದ್ದಿದ್ದು ಹೇಗೆ? ಆಗಿನ ಅಮೆರಿಕದ ಕಾನೂನಿನಲ್ಲಿ ಹಕ್ಕುಸ್ವಾಮ್ಯ 28 ವರ್ಷ, ಆಮೇಲೆ ನವೀಕರಿಸಬೇಕು. 1974ರಲ್ಲಿ ಇದನ್ನ ನವೀಕರಿಸೋದೇ ಬಿಟ್ಟುಹೋಯ್ತು. ಟೀವಿ ಸ್ಟೇಷನ್‌ಗಳಿಗೆ ಹಬ್ಬವೋ ಹಬ್ಬ. ಕ್ರಿಸ್‌ಮಸ್ ಕಥೆ, ದೊಡ್ಡ ಸ್ಟಾರು, ಬಾಡಿಗೆ ಸೊನ್ನೆ. ಪ್ರತಿ ಡಿಸೆಂಬರ್‌ನಲ್ಲೂ ಯಾವ ಚಾನೆಲ್ ತಿರುಗಿಸಿದ್ರೂ ಅದೇ. ಒಂದು ತಲೆಮಾರು ಅದನ್ನ ನೋಡ್ತಾನೇ ಬೆಳೀತು. 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್‌ನವರು ಕಥೆಯ ಮತ್ತು ಸಂಗೀತದ ಹಕ್ಕು ಹಿಡಿದು ಈ ಪುಕ್ಕಟೆ ಪ್ರದರ್ಶನ ನಿಲ್ಲಿಸೋ ಹೊತ್ತಿಗೆ ಅದು ಕ್ಲಾಸಿಕ್ ಆಗಿ ಕೂತಿತ್ತು.

ಗುಮಾಸ್ತೆ ಒಬ್ಬ ಅರ್ಜಿ ಹಾಕೋದು ಮರೆತಿದ್ದಕ್ಕೆ ಕ್ಲಾಸಿಕ್ ಆಯ್ತು ಅಂದ್ರೆ ಒರಟಾಯ್ತು, ಆದ್ರೂ ಹೇಳ್ತೀನಿ.

ನಿಮ್ಮ ಸಿನಿಮಾಗಳನ್ನ ಹಾಕಿ. “ನಂಗಿಷ್ಟ” ಅಂದ್ರೆ ಸಾಲದು, ಯಾವ ದಾರಿಯಲ್ಲಿ ವಾಪಸ್ ಬಂತು ಅಂತ ಹೇಳಿ.

ಬೈಟೂಕಾಫಿ:

‘ಅಂದಾಜ್ ಅಪ್ನಾ ಅಪ್ನಾ’. ಮಾತೇ ಇಲ್ಲ. 1994ರ ದೀಪಾವಳಿಗೆ ಬಂತು, ಆಮೀರ್ ಮತ್ತು ಸಲ್ಮಾನ್ ಇಬ್ಬರೂ ಇದ್ದು ಎತ್ತಂಗಡಿ ಆಯ್ತು. ದಾರಿ: ಕೇಬಲ್ ಟೀವಿ. ನಮ್ಮ ಬೀದಿಯ ಕೇಬಲ್ಲಿನವನು ಮಧ್ಯಾಹ್ನ ತನ್ನದೇ ಚಾನೆಲ್ಲಲ್ಲಿ ಕ್ಯಾಸೆಟ್ ಹಾಕ್ತಿದ್ದ, ಇದನ್ನ ಎಷ್ಟು ಸಲ ಹಾಕಿದ್ನೋ ಲೆಕ್ಕವಿಲ್ಲ. ಹಿಂದಿ ಸರಿಯಾಗಿ ಬರದ ನಮ್ಮ ಗ್ಯಾಂಗಿಗೂ ಕ್ರೈಮ್ ಮಾಸ್ಟರ್ ಗೋಗೋ ಮಾತು ಬಾಯಿಪಾಠ. 2025ರಲ್ಲಿ ಥಿಯೇಟರಿಗೆ ಮತ್ತೆ ಬಂದಾಗ ಪರದೆಗಿಂತ ಮುಂಚೆ ಪ್ರೇಕ್ಷಕರೇ ಡೈಲಾಗ್ ಹೇಳಿ ಮುಗಿಸ್ತಿದ್ರು.

ಹುಬ್ಳಿಮಿರ್ಚಿ:

ಎಲ್ಲಾ ಖರೆ ಐತ್ರಿ, ಆದ್ರ ಶೋಲೆ ಯಾಕ ಬಿಟ್ರಿ? ಮೊದಲನೇ ವಾರ ಫ್ಲಾಪ್ ಅಂತ ಬರದಿದ್ರಂತ. ನಮ್ಮ ರಾಮನಗರದ ಬಂಡಿಗಲ್ಲಿನ ನಡಕ ತಗದ ಸಿನಿಮಾ ಅದು, ಈ ಪಟ್ಟಿಯೊಳಗ ಮೊದಲನೇ ನಂಬರ್ ಅದಕ್ಕ ಕೊಡಬೇಕ್ರಿ.

ಲೆಕ್ಕದಪುಸ್ತಕ:

ಶೋಲೆ ಈ ಪಟ್ಟಿಗೆ ಸೇರಲ್ಲ. 1975ರ ಆಗಸ್ಟ್ 15ಕ್ಕೆ ಬಂತು, ಮೊದಲ ದಿನಗಳಲ್ಲಿ ವ್ಯಾಪಾರದವರು ಮೂಗು ಮುರಿದಿದ್ದು ನಿಜ. ಆದರೆ ಥಿಯೇಟರಿಂದ ಕೆಳಗಿಳಿಯಲೇ ಇಲ್ಲ. ಬಾಯಿಂದ ಬಾಯಿಗೆ ಹಬ್ಬಿ ಮುಂಬೈಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ತಡವಾಗಿ ಹತ್ತಿಕೊಂಡ ಒಲೆಯನ್ನ ಆರಿದ ಒಲೆ ಅನ್ನೋಕಾಗಲ್ಲ. ಸೋತಿದ್ದು ಅಂತ ಹೇಳಲೇಬೇಕಂದ್ರೆ ಫಿಲ್ಮ್‌ಫೇರ್‌ನಲ್ಲಿ ಸೋತಿತು: ಸಂಕಲನಕ್ಕೆ ಎಂ.ಎಸ್. ಶಿಂಧೆ ಅವರಿಗೆ ಬಂದಿದ್ದೊಂದೇ ಪ್ರಶಸ್ತಿ.

ಹುಬ್ಳಿಮಿರ್ಚಿ:

ಆತ್ರಿ ಬಿಡ್ರಿ, ರಾಮನಗರದ ಹೆಸರರ ಬಂತಲ್ಲ ಇಲ್ಲಿ. ಅಷ್ಟಕ್ಕ ಸಾಕು ನಮಗ.

ಮೂರನೇರೀಲು:

ನಾನು ಪ್ರೊಜೆಕ್ಷನ್ ರೂಮಲ್ಲಿ ಕೆಲಸ ಕಲಿತವನು. ರೀಲು ಸುತ್ತೋದು, ಕಾರ್ಬನ್ ಕಡ್ಡಿ ಬದಲಾಯಿಸೋದು, ಕಿತ್ತ ಫಿಲ್ಮಿಗೆ ಅಂಟು ಹಾಕೋದು. ಹಾಗಾಗಿ ನಂಗೆ ಈ ವಿಷಯ ಬಂದ ಕೂಡಲೇ ನೆನಪಾಗೋದು ‘ಕಾಗಜ್ ಕೆ ಫೂಲ್’. ಬೆಂಗಳೂರಲ್ಲಿ ಹುಟ್ಟಿದ ಗುರುದತ್, ಮೈಸೂರಲ್ಲಿ ಹುಟ್ಟಿದ ಕ್ಯಾಮೆರಾಮನ್ ವಿ.ಕೆ. ಮೂರ್ತಿ, ಇಬ್ಬರೂ ಮುಂಬೈಗೆ ಹೋಗಿ 1959ರಲ್ಲಿ ಮಾಡಿದ ಸಿನಿಮಾ. ಭಾರತದ ಮೊದಲ ಸಿನಿಮಾಸ್ಕೋಪ್. ಎರಡು ವರ್ಷ ಮುಂಚೆ ‘ಪ್ಯಾಸಾ’ ಚೆನ್ನಾಗಿ ಓಡಿತ್ತು, ಆ ಧೈರ್ಯದ ಮೇಲೆ ಇಳಿದಿದ್ದು. ಬಂದ ವೇಗದಲ್ಲೇ ನೆಲಕಚ್ಚಿತು. ಆಮೇಲೆ ಗುರುದತ್ ಯಾವ ಸಿನಿಮಾಕ್ಕೂ ನಿರ್ದೇಶಕ ಅಂತ ತಮ್ಮ ಹೆಸರು ಹಾಕಿಕೊಳ್ಳಲೇ ಇಲ್ಲ. ಮಾರನೇ ವರ್ಷದ ‘ಚೌದ್ವೀ ಕಾ ಚಾಂದ್’ಗೆ ಎಂ. ಸಾದಿಕ್ ಹೆಸರು, 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಅಬ್ರಾರ್ ಆಲ್ವಿ ಹೆಸರು. 1964ರಲ್ಲಿ ಹೋಗೇಬಿಟ್ಟರು, ಆಗಿನ್ನೂ 39.

ಸೋತಿದ್ದಕ್ಕೆ ಕಥೆ ಕಾರಣ ಅಂತ ಎಲ್ಲರೂ ಬರೀತಾರೆ. ಹೆಸರು ಮಾಡಿದ ನಿರ್ದೇಶಕ, ಬಿಟ್ಟುಹೋದ ಸಂಸಾರ, ತಾನೇ ಬೆಳೆಸಿದ ನಾಯಕಿ, ಕೊನೆಗೆ ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯಲ್ಲೇ ಸಾವು. ದುಡ್ಡು ಕೊಟ್ಟು ಬಂದವರಿಗೆ ಭಾರ ಆಯ್ತು, ಒಪ್ಪೋಣ. ಯಂತ್ರದ ಕಡೆಯಿಂದಲೂ ಒಂದು ಮಾತು ಹೇಳಬೇಕು. ಸಿನಿಮಾಸ್ಕೋಪ್‌ನಲ್ಲಿ ಚಿತ್ರವನ್ನ ಫಿಲ್ಮಿನ ಮೇಲೆ ಅಡ್ಡಕ್ಕೆ ಒತ್ತಿ ಹಿಡಿದಿರ್ತಾರೆ. ತೋರಿಸೋವಾಗ ಅದನ್ನ ಮತ್ತೆ ಅಗಲ ಮಾಡೋ ಲೆನ್ಸು ಬೇಕು, ಅಗಲದ ಪರದೆ ಬೇಕು. ಮಾಮೂಲಿ ಲೆನ್ಸಲ್ಲಿ ಬಿಟ್ರೆ ಎಲ್ಲರೂ ಬಿದಿರುಗಳದ ಹಾಗೆ ಉದ್ದಕ್ಕೆ ತೆಳ್ಳಗೆ ಕಾಣ್ತಾರೆ. ನಮ್ಮ ಕಾಲಕ್ಕೆ ಸ್ಕೋಪ್ ಮಾಮೂಲಾಗಿತ್ತು, ಆಗಲೂ ಲೆನ್ಸು ಬದಲಿಸೋದು ಮರೆತು ಬೈಗುಳ ತಿಂದ ಆಪರೇಟರುಗಳನ್ನ ನೋಡಿದೀನಿ. 1959ರಲ್ಲಿ ಮೊದಲ ಸಲ ತೋರಿಸಿದವರ ಪಾಡು ಯೋಚನೆ ಮಾಡಿ.

ಇನ್ನು ಆ ಬೆಳಕಿನ ಕೋಲು. ‘ವಕ್ತ್ ನೆ ಕಿಯಾ’ ಹಾಡು. ಗೀತಾ ದತ್ ದನಿ, ಎಸ್.ಡಿ. ಬರ್ಮನ್ ಸಂಗೀತ. ಕತ್ತಲೆ ಸ್ಟುಡಿಯೋ, ಮೇಲಿಂದ ಓರೆಯಾಗಿ ಒಂದೇ ಒಂದು ಬೆಳಕಿನ ಕಂಬ ಬೀಳುತ್ತೆ, ಆ ಕಡೆ ಗುರುದತ್, ಈ ಕಡೆ ವಹೀದಾ. ಇಬ್ಬರೂ ನಿಂತಲ್ಲೇ ನಿಂತಿರ್ತಾರೆ, ಅವರ ಛಾಯೆಗಳು ಮಾತ್ರ ಮೈಬಿಟ್ಟು ಹೊರಟು ಬೆಳಕಲ್ಲಿ ಹತ್ತಿರ ಬರ್ತವೆ. ಆ ಬೆಳಕು ಸ್ಟುಡಿಯೋ ಲೈಟು ಅಲ್ಲ, ಸೂರ್ಯನದು. ಲೈಟಿನ ಕೋಲು ದೂರ ಹೋದಷ್ಟೂ ಅಗಲ ಆಗ್ತಾ ಹೋಗುತ್ತೆ, ಸೂರ್ಯನ ಬೆಳಕಿನ ಕೋಲು ಅಂಚು ಬಿಡಲ್ಲ. ಅದಕ್ಕೆ ಮೂರ್ತಿ ದೊಡ್ಡ ಕನ್ನಡಿ ಎರಡು ತರಿಸಿದ್ರು. ಒಂದು ಹೊರಗಡೆ ಬಿಸಿಲು ಹಿಡಿಯೋಕೆ, ಇನ್ನೊಂದು ಒಳಗಡೆ ಎತ್ತರದಲ್ಲಿ, ಹಿಡಿದಿದ್ದನ್ನ ಕೆಳಕ್ಕೆ ಎಸೆಯೋಕೆ. ಸೂರ್ಯ ಸರಿದ ಹಾಗೆ ಕನ್ನಡಿ ತಿರುಗಿಸ್ತಾ ಇರಬೇಕು. ಕೇಳೋಕೆ ಸುಲಭ. ಬಿಸಿಲಿಗೆ ಕನ್ನಡಿ ಹಿಡಿದು ಪಕ್ಕದ ಮನೆ ಗೋಡೆ ಮೇಲೆ ಬೆಳಕು ಕುಣಿಸಿದವರಿಗೆ ಗೊತ್ತು, ಕೈ ಒಂದು ಚೂರು ಅಲುಗಿದ್ರೆ ಆ ಬೆಳಕು ಎಲ್ಲಿಗೆ ಹಾರುತ್ತೆ ಅಂತ.

ಮೂರ್ತಿಯವರಿಗೆ ಆ ವರ್ಷ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಫಾಲ್ಕೆ ಸಿಕ್ಕಿದ್ದು ಅದೇ ಮೊದಲು. ಬೆಂಗಳೂರಲ್ಲೇ 2014ರಲ್ಲಿ ತೀರಿಕೊಂಡ್ರು. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ರು. ನಮ್ಮ ಊರಿನವರಿಂದ ನಾವು ಮಾಡಿಸಿಕೊಂಡ ಕೆಲಸ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಮಂಕುಪರದೆ:

ಸಾರ್, ಈ ಒಂದು ಉತ್ತರಕ್ಕೇ ಪ್ರಶ್ನೆ ಹಾಕಿದ್ದು ಸಾರ್ಥಕ ಆಯ್ತು. ಆದ್ರೆ ದಾರಿ ಯಾವುದು ಅಂತ ಹೇಳಲಿಲ್ಲ. ನನಗೆ ಗೊತ್ತಿರೋ ಮಟ್ಟಿಗೆ 80ರ ದಶಕದಲ್ಲಿ ಯುರೋಪಿನಲ್ಲಿ ಗುರುದತ್ ಸಿನಿಮಾಗಳನ್ನ ಮತ್ತೆ ತೋರಿಸೋಕೆ ಶುರು ಮಾಡಿದ್ರು. 1989ರಲ್ಲಿ ಬ್ರಿಟನ್ನಿನ ಚಾನೆಲ್ 4ಗೆ ನಸ್ರೀನ್ ಮುನ್ನಿ ಕಬೀರ್ ಗುರುದತ್ ಬಗ್ಗೆ ಮೂರು ಭಾಗದ ಸಾಕ್ಷ್ಯಚಿತ್ರ ಮಾಡಿದ್ರು. ಹೊರಗಿನವರು ಹೊಗಳಿದ ಮೇಲೆ ನಮಗೆ ಕಣ್ಣು ಬಿಟ್ಟಿತು. ನನ್ನ ವಾದಕ್ಕೆ ಇನ್ನೊಂದು ಪುರಾವೆ.

ಶರಾವತಿ:

ಸ್ವಲ್ಪ ನಿಲ್ಲಿ. ಚಾನೆಲ್ 4 ಬರೋ ಮುಂಚೆ ಮೂವತ್ತು ವರ್ಷ ಈ ಸಿನಿಮಾನ ಯಾರು ಸಾಕಿದ್ರು? ರೇಡಿಯೋ. ವಿವಿಧ ಭಾರತಿ ಮತ್ತು ಸಿಲೋನ್ ಕೇಳಿದವರಿಗೆ ‘ವಕ್ತ್ ನೆ ಕಿಯಾ’ ಗೊತ್ತಿತ್ತು, ಸಿನಿಮಾ ನೋಡಿಯೇ ಇರಲಿಲ್ಲ. ನಮ್ಮ ಅತ್ತೆಯವರು ಪೂರ್ತಿ ಹಾಡ್ತಿದ್ರು, ಯಾವ ಚಿತ್ರ ಅಂತ ಕೇಳಿದ್ರೆ “ಯಾವುದೋ ಹಿಂದಿ” ಅನ್ನೋರು. ಅಮೆರಿಕದ ಸಿನಿಮಾಗೆ ಟೀವಿ ಹೇಗೋ ನಮ್ಮ ಸಿನಿಮಾಗೆ ಹಾಡು ಹಾಗೆ. ಸಿನಿಮಾ ಸತ್ತರೂ ಹಾಡು ಸಾಯಲ್ಲ, ಹಾಡಿನ ಬಾಲ ಹಿಡ್ಕೊಂಡು ಜನ ಸಿನಿಮಾ ಹುಡುಕ್ಕೊಂಡು ಹೋಗ್ತಾರೆ.

ಕನ್ನಡದ ಉದಾಹರಣೆ ಬೇಕಾ? ಸೂರಿಯವರ ‘ಇಂತಿ ನಿನ್ನ ಪ್ರೀತಿಯ’, 2008. ‘ದುನಿಯಾ’ ಮಾಡಿ ಗೆದ್ದ ನಿರ್ದೇಶಕರ ಎರಡನೇ ಸಿನಿಮಾ. ಜನ ಇನ್ನೊಂದು ‘ದುನಿಯಾ’ ನೋಡೋಕೆ ಹೋದ್ರು, ಅಲ್ಲಿ ಶ್ರೀನಗರ ಕಿಟ್ಟಿ ಕುಡ್ಕೊಂಡು, ಕಳ್ಕೊಂಡ ಪ್ರೀತಿಯನ್ನ ನೆನೆಸ್ಕೊಂಡು ಕೂತಿದ್ರು. ಓಡಲಿಲ್ಲ. ಆದ್ರೆ ‘ಮಧುವನ ಕರೆದರೆ’ ಮಾತ್ರ ನಿಲ್ಲಲೇ ಇಲ್ಲ. ಜಯಂತ ಕಾಯ್ಕಿಣಿ ಸಾಲು, ಸಾಧು ಕೋಕಿಲ ಸಂಗೀತ, ವಾಣಿ ಹರಿಕೃಷ್ಣ ದನಿ. ಸಾಧು ಕೋಕಿಲ ಅಂದ್ರೆ ನಗಿಸೋರು ಅಂತಷ್ಟೇ ಗೊತ್ತಿದ್ದವರಿಗೆ ಈ ಹಾಡು ಅವರದ್ದು ಅಂದ್ರೆ ಇವತ್ತಿಗೂ ನಂಬಲ್ಲ. ಹಾಸ್ಟೆಲ್ಲಿನ ಮೊಬೈಲುಗಳಲ್ಲಿ, ಬ್ಲೂಟೂತಿನಲ್ಲಿ ಕೈಯಿಂದ ಕೈಗೆ ಹೋದ ಹಾಡು ಅದು. ನಾನು ಸಿನಿಮಾ ನೋಡಿದ್ದು ಹಾಡು ಬಂದು ಎಷ್ಟೋ ವರ್ಷ ಆದ್ಮೇಲೆ.

ಕಡಲತಡಿ:

ಮಾರಾಯ್ರೆ, ಕನ್ನಡ ಅಂದ್ಮೇಲೆ ‘ಉಳಿದವರು ಕಂಡಂತೆ’ ಇನ್ನೂ ಯಾರೂ ಹೇಳ್ಲಿಲ್ಲ ಅಲ್ವಾ! 2014 ಮಾರ್ಚ್ 28. ನಾನು ನೋಡಿದ ಶೋನಲ್ಲಿ ಮುಂದಿನ ಸಾಲಿನವ ಇಂಟರ್‌ವಲ್ಲಿಗೆ ಎದ್ದು ಹೋದವ ಬರ್ಲೇ ಇಲ್ಲ. ಪಕ್ಕದವ ಫೋನಲ್ಲಿ “ಎಂಥದೂ ಅರ್ಥ ಆಗ್ತಿಲ್ಲ, ನೀನು ಬರ್ಬೇಡ” ಅಂತ ಹೇಳ್ತಾ ಇದ್ದ. ಅಷ್ಟಮಿಯ ಸಮಯ, ಮಲ್ಪೆ, ಒಂದೇ ಘಟನೆ, ಅದನ್ನ ಒಬ್ಬೊಬ್ಬರು ಕಂಡ ಹಾಗೆ ಹೇಳ್ಕೊಂಡು ಹೋಗುದು. ಪತ್ರಕರ್ತೆ ರೆಜಿನಾ ಒಬ್ಬಳು ಎಲ್ಲರ ಮಾತನ್ನ ಹೆಕ್ಕಿ ಜೋಡಿಸ್ತಾಳೆ. ಯಾವುದು ಮೊದಲು ಯಾವುದು ನಂತರ ಅಂತ ಪ್ರೇಕ್ಷಕನೇ ಲೆಕ್ಕ ಹಾಕ್ಬೇಕು. ಟಿಕೆಟಿಗೂ ದುಡ್ಡು ಕೊಟ್ಟು ಲೆಕ್ಕವೂ ನಾವೇ ಹಾಕ್ಬೇಕಾ ಅಂತ ಕೇಳಿದವರು ಉಂಟು.

ಅದಲ್ಲದೆ ಭಾಷೆ. ಸಿನಿಮಾದಲ್ಲಿ ಮಂಗಳೂರು ಕನ್ನಡ ಅಂದ್ರೆ ಅಷ್ಟರವರೆಗೆ ಹಾಸ್ಯದವರಿಗೆ ಮೀಸಲು. ‘ಎಂಥದು ಮಾರಾಯ’ ಅಂದ ಕೂಡಲೇ ನಗ್ಬೇಕು ಅಂತ ಒಂದು ಕಾಯ್ದೆ ಇದ್ದ ಹಾಗೆ. ಇದರಲ್ಲಿ ರೌಡಿಯೂ ಅದೇ ಭಾಷೆ, ತಾಯಿಯೂ ಅದೇ, ಸಾಯುವವನೂ ಅದೇ. ತಾರಾ ಅವರ ರತ್ನಕ್ಕ ಮಗನ ಜೊತೆ ಮಾತಾಡುದನ್ನ ಕೇಳಿ, ನಮ್ಮ ಮನೆಯ ಅಡುಗೆ ಕೋಣೆಯಲ್ಲಿ ನಿಂತ ಹಾಗೆ ಆಗ್ತದೆ. ಕಿಶೋರ್ ಅವರ ಮುನ್ನಾ ದೋಣಿ ಹತ್ರ ನಿಲ್ಲುವ ಗತ್ತು, ಅದೂ ಹಾಗೆಯೇ. ಹುಲಿ ವೇಷದ ಪೆಟ್ಟು ಶುರು ಆಗ್ತದಲ್ಲ, ಊರಲ್ಲಿ ತಾಸೆ ಕೇಳಿ ಬೆಳೆದವರಿಗೆ ಕೂತಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ಹೊರಗಿನವರಿಗೆ ಅದು ಆಗ ಬರೀ ಗಲಾಟೆ.

ದಾರಿ ಕೇಳಿದ್ರಲ್ಲ, ಹೇಳ್ತೇನೆ. ಸಿನಿಮಾವನ್ನ ಎಬ್ಬಿಸಿದ್ದು ‘ಕಿರಿಕ್ ಪಾರ್ಟಿ’. 2016ರ ಕೊನೆಗೆ ಅದು ಸೂಪರ್‌ಹಿಟ್ ಆದ ಮೇಲೆ, ಈ ರಕ್ಷಿತ್, ಈ ರಿಷಬ್, ಈ ಅಜನೀಶ್ ಮೊದಲು ಎಂಥ ಮಾಡಿದ್ರು ಅಂತ ಜನ ಹಿಂದೆ ತಿರುಗಿ ನೋಡಿದ್ರು. ಅಲ್ಲಿ ರಕ್ಷಿತ್ ಮಾಡಿದ ರೌಡಿ ರಿಚ್ಚಿ ಕೂತಿದ್ದ. ಯೂಟ್ಯೂಬಲ್ಲಿ ತುಂಡು ತುಂಡು ವಿಡಿಯೋ, ಕಾಲೇಜಿನ ಹುಡುಗರ ಸ್ಟೇಟಸ್ಸು, ಡಿಜೆಯಲ್ಲಿ ‘ಪೇಪರ್ ಪೇಪರ್’ ಹಾಡು. 2017ರಲ್ಲಿ ತಮಿಳಿನಲ್ಲಿ ನಿವಿನ್ ಪೌಲಿಯನ್ನ ಹಾಕಿ ‘ರಿಚಿ’ ಅಂತ ಮಾಡಿದ್ರು. ಅದೂ ಮಲಗಿತು. ಮಲ್ಪೆಯಿಂದ ಕಿತ್ತು ಬೇರೆ ಊರಲ್ಲಿ ನೆಟ್ರೆ ಹಿಡಿಯುವ ಗಿಡ ಅಲ್ಲ ಅದು. ಮತ್ತೆ ‘ಕಾಂತಾರ’ ಬಂದಾಗ ಕರಾವಳಿಯ ಭಾಷೆಯನ್ನ, ವೇಷವನ್ನ ಇಡೀ ದೇಶ ಬಾಯಿ ಬಿಟ್ಟು ನೋಡಿತಲ್ಲ. ಅದಕ್ಕೆ ಎಂಟು ವರ್ಷ ಮೊದಲು ಹುಲಿ ಕುಣಿದಾಗ ನೋಡ್ಲಿಕ್ಕೆ ಜನ ಇರ್ಲಿಲ್ಲ.

ಬೈಟೂಕಾಫಿ:

ಸತ್ಯವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ಎಲ್ಲರೂ “ನಾನು ಮೊದಲ ದಿನವೇ ನೋಡಿದ್ದೆ” ಅಂತಾರೆ. ಅಷ್ಟು ಜನ ಮೊದಲ ದಿನವೇ ನೋಡಿದ್ರೆ ಸಿನಿಮಾ ಯಾಕೆ ಸೋಲ್ತಿತ್ತು?

ಕಡಲತಡಿ:

ಹ್ಹೆ ಹ್ಹೆ. ನನ್ನ ಹತ್ರ ಟಿಕೆಟ್ ಉಂಟು ಸ್ವಾಮಿ, ಅಕ್ಷರ ಮಾತ್ರ ಅಳಿಸಿ ಹೋಗಿದೆ. ಆ ಥರ್ಮಲ್ ಪೇಪರಿನ ಹಣೆಬರಹವೇ ಅಷ್ಟು.

ಲೆಕ್ಕದಪುಸ್ತಕ:

ಎಲ್ಲರೂ ಸಿನಿಮಾ ಎದ್ದ ಕಥೆ ಹೇಳ್ತಿದೀರಿ. ದುಡ್ಡು ಹಾಕಿದವರು ಎದ್ದರಾ? ಕಾಪ್ರಾ ಕಂಪನಿ ಹೋಯ್ತು. ಗುರುದತ್ ನಿರ್ದೇಶನವನ್ನೇ ಬಿಟ್ಟರು. 1970ರ ‘ಮೇರಾ ನಾಮ್ ಜೋಕರ್’, ನಾಲ್ಕು ಗಂಟೆಗೂ ಉದ್ದ, ಎರಡು ಇಂಟರ್‌ವಲ್. ರಾಜ್ ಕಪೂರ್ ಸಾಲಕ್ಕೆ ಬಿದ್ದರು. ಆ ಸಾಲ ತೀರಿಸಿದ್ದು ಜೋಕರ್ ಪಡೆದ ಹೊಗಳಿಕೆ ಅಲ್ಲ, 1973ರಲ್ಲಿ ಹೊಸಬರನ್ನ ಹಾಕಿ ಮಾಡಿದ ‘ಬಾಬಿ’. ನಾವಿವತ್ತು ಜೋಕರ್ ನೋಡಿ ಕಣ್ಣೊರೆಸಿಕೊಂಡ್ರೆ ಅವತ್ತಿನ ಹಂಚಿಕೆದಾರನ ಮನೆಗೆ ಏನೂ ತಲುಪಲ್ಲ.

ಇನ್ನೊಂದು. ಎದ್ದ ಹತ್ತು ಸಿನಿಮಾ ಮಾತ್ರ ನಮಗೆ ಕಾಣ್ತವೆ. ಅದೇ ವರ್ಷ ಸೋತ ನೂರು ಸಿನಿಮಾ ಸೋತೇ ಉಳಿದವು. ಅವುಗಳಲ್ಲಿ ಹೆಚ್ಚಿನವು ಸೋಲಬೇಕಾದ್ದೇ. ಈ ನಡುವೆ ಪ್ರತಿ ಹೊಸ ಡಬ್ಬಾ ಸಿನಿಮಾದ ನಿರ್ಮಾಪಕರೂ “ಮುಂದೆ ಕಲ್ಟ್ ಆಗುತ್ತೆ ನೋಡ್ತಿರಿ” ಅಂತ ಪತ್ರಿಕಾಗೋಷ್ಠಿಯಲ್ಲಿ ಹೇಳೋದು ಕೇಳಿ ಈ ಮಾತು.

ಡಲ್ಲಾಸ್‌ದೋಸೆ:

ಇಲ್ಲಿ ಅಮೆರಿಕದಲ್ಲಿ ಕೂತು ಎರಡು ಸೇರಿಸ್ತೀನಿ, ಚುಟುಕಾಗಿ.

‘ದಿ ಶಾಶ್ಯಾಂಕ್ ರಿಡೆಂಪ್ಷನ್’, 1994. ಎರಡೂವರೆ ಕೋಟಿ ಡಾಲರ್ ಬಜೆಟ್. ಮೊದಲ ಸುತ್ತಲ್ಲಿ ಇಲ್ಲಿನ ಗಳಿಕೆ ಸುಮಾರು ಒಂದು ಕೋಟಿ 60 ಲಕ್ಷ. ಏಳು ಆಸ್ಕರ್ ನಾಮನಿರ್ದೇಶನ ಬಂದ ಮೇಲೆ ಮತ್ತೆ ಬಿಟ್ಟು ಹೇಗೋ ಎರಡು ಕೋಟಿ 80 ಲಕ್ಷಕ್ಕೆ ಎಳೆದರು. ಆ ಹೆಸರು ಬಾಯಲ್ಲಿ ತಿರುಗಲ್ಲ ಅಂತ ಇಲ್ಲಿನವರೇ ಗೊಣಗಿದ್ರು. ದಾರಿ: ಮೊದಲು ವೀಡಿಯೋ ಅಂಗಡಿ, ಆಮೇಲೆ ಟಿಎನ್‌ಟಿ ಚಾನೆಲ್. ನಿರ್ಮಾಣ ಸಂಸ್ಥೆ ಕ್ಯಾಸಲ್ ರಾಕ್ ಆಗ ಟೆಡ್ ಟರ್ನರ್ ಕೈಯಲ್ಲಿತ್ತು, ಚಾನೆಲ್ಲೂ ಅವರದ್ದೇ. ಮನೆಯ ಸರಕು ಮನೆಯ ಅಂಗಡಿಯಲ್ಲಿ. 1997ರಿಂದ ಹಾಕಿದ್ದೇ ಹಾಕಿದ್ದು. ಪ್ರೇಕ್ಷಕರು ಅಂಕ ಕೊಡೋ ಐಎಮ್‌ಡಿಬಿ ಪಟ್ಟಿಯಲ್ಲಿ 2008ರಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ.

ಇನ್ನೊಂದು ‘ಬ್ಲೇಡ್ ರನ್ನರ್’. 1982ರ ಜೂನ್ 25. ಅದೇ ದಿನ ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ ಕೂಡ ಬಂತು. ಎರಡು ವಾರ ಮುಂಚೆ ‘ಇ.ಟಿ.’ ಬಂದು ಊರೆಲ್ಲ ಅದರ ಹಿಂದೆ. ಒಂದೇ ಶುಕ್ರವಾರ ಎರಡು ಸೋಲು, ಇವತ್ತು ಎರಡೂ ಸಿನಿಮಾ ಶಾಲೆಗಳಲ್ಲಿ ಪಾಠ. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿಗೆ ಹೋದ ಪ್ರಿಂಟು ಬಿಡುಗಡೆಯಾದ ಪ್ರಿಂಟೇ ಅಲ್ಲ, ಬಿಡುಗಡೆಗೆ ಮುಂಚಿನ ಕಚ್ಚಾ ಪ್ರತಿ. ಜನ ಅದಕ್ಕೆ ಮುಗಿಬಿದ್ರು. ಅದರ ಬೆನ್ನಲ್ಲೇ 1992ರಲ್ಲಿ ನಿರ್ದೇಶಕರ ಆವೃತ್ತಿ ಅಂತ ಬಿಟ್ಟರು. ಗೋಡೌನಿನಲ್ಲಿ ಡಬ್ಬಾ ಅದಲು ಬದಲಾಗಿ ಮಾಡಿದ ಉಪಕಾರ!

ಮೂರನೇರೀಲು:

ಡಬ್ಬಾ ಅಂದಿರಲ್ಲ, ಅಲ್ಲಿಗೇ ಬರ್ತೀನಿ. ಟೀವಿ, ರೇಡಿಯೋ, ಯೂಟ್ಯೂಬು ಎಲ್ಲಾ ಸರಿ. ಎಲ್ಲಕ್ಕಿಂತ ಮುಂಚೆ ಪ್ರಿಂಟು ಇರಬೇಕು. ಫ್ರಾನ್ಸಿನ ಝಾನ್ ರೆನ್ವಾ ಅವರ ‘ದಿ ರೂಲ್ಸ್ ಆಫ್ ದಿ ಗೇಮ್’ 1939ರ ಜುಲೈನಲ್ಲಿ ಬಂತು. ಪ್ಯಾರಿಸ್ಸಿನ ಜನ ಕೂಗಾಡಿದ್ರು. ರೆನ್ವಾ ಕತ್ತರಿ ಹಾಕ್ತಾ ಹೋದ್ರು, ಎಷ್ಟು ಕತ್ತರಿಸಿದ್ರೂ ಬೈಗುಳ ನಿಲ್ಲಲಿಲ್ಲ. ಯುದ್ಧ ಶುರುವಾದ ಮೇಲೆ ಸರ್ಕಾರ ನಿಷೇಧಿಸಿತು. ಸಾಲದ್ದಕ್ಕೆ ಮೂಲ ನೆಗೆಟಿವ್ ಇದ್ದ ಲ್ಯಾಬಿನ ಮೇಲೆ ಬಾಂಬ್ ಬಿತ್ತು. ಅಲ್ಲಿಗೆ ಕಥೆ ಮುಗಿದ ಹಾಗೆ. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಸಿನಿಮಾ ಹುಚ್ಚಿನ ಇಬ್ಬರು ಆ ಕಡೆ ಈ ಕಡೆ ಉಳಿದಿದ್ದ ಡಬ್ಬಾಗಳನ್ನ ಹುಡುಕಿ, ತುಂಡು ತುಂಡು ಸೇರಿಸಿ, ರೆನ್ವಾ ಅವರನ್ನೇ ಕೂರಿಸಿಕೊಂಡು ಜೋಡಿಸಿ 1959ರಲ್ಲಿ ವೆನಿಸ್ಸಲ್ಲಿ ತೋರಿಸಿದ್ರು. ಅಂಟು ಹಾಕೋ ಕೆಲಸ ಮಾಡಿದವನಾಗಿ ಹೇಳ್ತೀನಿ, ಒಂದು ಸೀನು ಕಿತ್ತರೆ ಸದ್ದು ಒಂದು ಕಡೆ, ಬಾಯಿ ಇನ್ನೊಂದು ಕಡೆ ಹೋಗುತ್ತೆ. ಒಂದಿಡೀ ಸಿನಿಮಾನ ಹಾಗೆ ಕಟ್ಟೋದು ಹುಡುಗಾಟ ಅಲ್ಲ.

ನಮ್ಮ ಕಡೆ ನೋಡಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’, 1934. ಗೆದ್ದ ಸಿನಿಮಾ ಅದು. ಅದರ ಪ್ರಿಂಟೇ ಇಲ್ಲ. ಗೆದ್ದಿದ್ದಕ್ಕೇ ಈ ಗತಿ, ಸೋತ ಸಿನಿಮಾದ ಡಬ್ಬಾನ ಯಾರು ಜೋಪಾನ ಮಾಡ್ತಾರೆ? ಹಂಚಿಕೆದಾರರ ಆಫೀಸಿನ ಅಟ್ಟದ ಮೇಲೆ ಬಿದ್ದಿರುತ್ತೆ, ಆಫೀಸು ಖಾಲಿ ಮಾಡೋವಾಗ ತೂಕಕ್ಕೆ ಹೋಗುತ್ತೆ. ಫಿಲ್ಮು ಕೆಟ್ಟಾಗ ವಿನೆಗರ್ ತರ ಹುಳಿ ವಾಸನೆ ಬರುತ್ತೆ. ಆ ವಾಸನೆ ಬಂದ ಡಬ್ಬಾ ತೆರೆದು, ಹಾಗೇ ಮುಚ್ಚಿದ್ದು ನೋಡಿದೀನಿ.

ಶರಾವತಿ:

ಇದಕ್ಕೇ ನನಗೆ ‘ಒಂದು ಮುತ್ತಿನ ಕಥೆ’ ಬಗ್ಗೆ ಹೊಟ್ಟೆ ಉರಿಯೋದು. 1987. ಶಂಕರ್‌ನಾಗ್ ನಿರ್ದೇಶನ, ಡಾ. ರಾಜ್ ನಾಯಕ. ಈ ಜೋಡಿ ಒಂದು ಸಿನಿಮಾದಲ್ಲಿ ಇತ್ತು ಅಂದ್ರೆ ಇವತ್ತಿನ ಹುಡುಗರು ಹೌದಾ ಅಂತಾರೆ. ಸ್ಟೈನ್‌ಬೆಕ್ ಕಥೆಯನ್ನ ನಮ್ಮ ಕಡಲಿಗೆ ತಂದಿದ್ರು, ಸಮುದ್ರದೊಳಗೆ ಕ್ಯಾಮೆರಾ ಇಳಿಸಿದ್ರು. ಅಣ್ಣಾವ್ರು ಐತು ಅನ್ನೋ ಬಡ ಮುತ್ತು ಹೆಕ್ಕೋನು. ಅಭಿಮಾನಿಗಳಿಗೆ ಬೇಕಿದ್ದ ಗತ್ತಿನ ರಾಜ್‌ಕುಮಾರ್ ಅದರಲ್ಲಿ ಸಿಗಲಿಲ್ಲ, ನಿರೀಕ್ಷೆ ಇಟ್ಟಷ್ಟು ಓಡಲಿಲ್ಲ. ನಾನು ನೋಡಿದ್ದು ಬಣ್ಣ ಮಾಸಿದ ಪ್ರತಿ, ನೀರೊಳಗಿನ ದೃಶ್ಯದಲ್ಲಿ ನೀರು ಯಾವುದು ಮನುಷ್ಯ ಯಾವುದು ಗೊತ್ತಾಗಲ್ಲ. ಯಾವ ದೃಶ್ಯಕ್ಕಾಗಿ ಅಷ್ಟು ಕಷ್ಟಪಟ್ರೋ ಅದೇ ಕಾಣಲ್ಲ. ಇದನ್ನ ಸ್ವಚ್ಛ ಮಾಡಿ ದೊಡ್ಡ ಪರದೆಗೆ ಹಾಕಲಿ, ಆಮೇಲೆ ಸೋತ ಸಿನಿಮಾ ಅನ್ನಲಿ ನೋಡೋಣ. 2025ರಲ್ಲಿ ಗುರುದತ್ ಶತಮಾನೋತ್ಸವಕ್ಕೆ ಅವರ ಸಿನಿಮಾಗಳನ್ನ ಹಾಗೆ ಸರಿಮಾಡಿ ಥಿಯೇಟರಿಗೆ ತಂದ್ರು ತಾನೇ?

ಲೆಕ್ಕದಪುಸ್ತಕ:

ಆ ವಿಷಯದಲ್ಲಿ ಈಗ ಲೆಕ್ಕ ಬದಲಾಗಿದೆ, ಒಪ್ತೀನಿ. ‘ತುಂಬಾಡ್’ 2018ರಲ್ಲಿ ಬಂದಾಗ ಸುಮಾರಾಗಿ ಹೋಯ್ತು. 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆ ಮಾಡಿದಾಗ ಮೊದಲ ಸಲಕ್ಕಿಂತ ಜಾಸ್ತಿ ಗಳಿಸಿತು. ಹಳೇ ಕಾಲದಲ್ಲಿ ಪ್ರೀತಿ ಮಾತ್ರ ವಾಪಸ್ ಬರ್ತಿತ್ತು, ಈಗ ಅಪರೂಪಕ್ಕೆ ದುಡ್ಡೂ ಬರ್ತಿದೆ. ಹೊಸ ಸಿನಿಮಾಗೆ ಜನ ಇಲ್ಲದೆ ಪರದೆ ಖಾಲಿ ಇರೋದ್ರಿಂದ ಹಳೇದಕ್ಕೆ ಜಾಗ ಸಿಕ್ತಿದೆ ಅನ್ನೋದು ಬೇರೆ ಮಾತು.

ಮಂಕುಪರದೆ:

ಹಾಗಾದ್ರೆ ಟೀವಿ, ರೇಡಿಯೋ, ಪ್ರಿಂಟು, ಮುಂದಿನ ಹಿಟ್ ಸಿನಿಮಾ, ಎಲ್ಲವೂ ನನ್ನ ಕಡೆಗೇ ವಾಲ್ತಿವೆ. ಚಲಾವಣೆ ಇದ್ದರೆ ಕ್ಲಾಸಿಕ್, ಇಲ್ಲದಿದ್ದರೆ ಅಟ್ಟ.

ಶರಾವತಿ:

ಅಷ್ಟು ಬೇಗ ಗೆಲ್ಲಬೇಡಿ. ನಿಮ್ಮ ವಾದಕ್ಕೆ ಒಂದೇ ಪ್ರಶ್ನೆ: ‘ಸೂರ್ಯವಂಶಂ’. ಹಿಂದಿಯದು, 1999ರದ್ದು. ಅಮಿತಾಭ್ ಡಬಲ್ ಆ್ಯಕ್ಟಿಂಗ್, ಜೊತೆಗೆ ನಮ್ಮ ಮುಳಬಾಗಿಲಿನ ಸೌಂದರ್ಯ. ಥಿಯೇಟರಲ್ಲಿ ಸೋತಿತು. ಅದೇ ವರ್ಷ ಶುರುವಾದ ಸೆಟ್ ಮ್ಯಾಕ್ಸ್ ಚಾನೆಲ್ ಅವತ್ತಿಂದ ಇವತ್ತಿನವರೆಗೆ ಅದನ್ನ ಹಾಕ್ತಾನೇ ಇದೆ. ಭಾರತದಲ್ಲಿ ಅದರಷ್ಟು ಚಲಾವಣೆ ಬೇರೆ ಯಾವ ಸೋತ ಸಿನಿಮಾಗೆ ಸಿಕ್ಕಿದೆ? ನಿಮ್ಮ ಲೆಕ್ಕದಲ್ಲಿ ಅದು ಕಾಪ್ರಾ ಸಿನಿಮಾದ ಪಕ್ಕದಲ್ಲಿ ಕೂರಬೇಕು. ಆದ್ರೆ ಆ ವಿಷ ಹಾಕಿದ ಪಾಯಸದ ಮೇಲೆ ಮೀಮ್ ಬಂದಿವೆ, ಅಷ್ಟೇ.

ತಮಾಷೆ ಅಂದ್ರೆ ಅದೇ ಕಥೆ ತಮಿಳಲ್ಲಿ ಗೆದ್ದಿತ್ತು. ಕನ್ನಡದಲ್ಲೂ ಎಸ್. ನಾರಾಯಣ್ ನಿರ್ದೇಶನದಲ್ಲಿ ವಿಷ್ಣುವರ್ಧನ್ ಮಾಡಿ ಗೆದ್ದರು, ‘ಸೇವಂತಿಯೇ ಸೇವಂತಿಯೇ’ ಇವತ್ತಿಗೂ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡ್ತಾರೆ. ಬರೀ ತೋರಿಸಿದ್ರೆ ಸಾಲದು, ಆ ಬೆಳಕಿನ ಕೋಲಿನಂಥದ್ದು ಏನೋ ಒಂದು ಒಳಗೆ ಇರಬೇಕು.

ಮಂಕುಪರದೆ:

ಸೂರ್ಯವಂಶಂ ಕ್ಲಾಸಿಕ್ ಅಲ್ಲ, ಅಭ್ಯಾಸ. ಊಟದ ಹೊತ್ತಿಗೆ ಟೀವಿಯಲ್ಲಿ ಇರುತ್ತೆ, ನೋಡ್ತೀವಿ. ಎರಡಕ್ಕೂ ವ್ಯತ್ಯಾಸ ಇದೆ.

ಬೈಟೂಕಾಫಿ:

ಅಮೆರಿಕದವರು ಪ್ರತಿ ಕ್ರಿಸ್‌ಮಸ್‌ಗೆ ಹಾಕಿ ನೋಡಿದ್ರೆ ಕ್ಲಾಸಿಕ್, ನಾವು ಪ್ರತಿ ಭಾನುವಾರ ನೋಡಿದ್ರೆ ಅಭ್ಯಾಸ? ಯಾವೂರ ನ್ಯಾಯ ಸಾರ್ ಇದು?

ಹುಬ್ಳಿಮಿರ್ಚಿ:

ಅದನ್ನ ಕೇಳ್ರಿ ಮೊದಲ! ನಮ್ಮ ಅವ್ವಗ ಹಿಂದಿ ಒಂದಕ್ಷರ ಬರೂದಿಲ್ಲ. ಸೂರ್ಯವಂಶಂ ಬಂತಂದ್ರ ರೊಟ್ಟಿ ಬಡಿಯೂದು ನಿಲ್ಲಿಸಿ ಬಂದು ಕುಂದರ್ತಾಳ, ಮುಂದ ಏನ ಆಗತೈತಿ ಅನ್ನೂದು ಗೊತ್ತಿದ್ದೂ ಅಳತಾಳ. ನಿಮ್ಮ ಫ್ರಾನ್ಸಿನ ಸಿನಿಮಾ ಹಾಕಿ ಆಕಿನ್ನ ಕುಂದರ್ಸ್ರಿ ನೋಡೂಣು.

ಮೂರನೇರೀಲು:

ಕೂರಿಸಬಹುದು. ಸಬ್‌ಟೈಟಲ್ ಓದೋರು ಯಾರಾದ್ರೂ ಪಕ್ಕದಲ್ಲಿ ಇರಬೇಕು ಅಷ್ಟೇ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆ ಸಿನಿಮಾ ಬರ್ತಿತ್ತಲ್ಲ, ನಮ್ಮ ತಾಯಿ ಬಂಗಾಳಿ, ಅಸ್ಸಾಮಿ ಯಾವುದನ್ನೂ ಬಿಡ್ತಿರಲಿಲ್ಲ. ಕೆಳಗೆ ಬರೋ ಇಂಗ್ಲಿಷನ್ನ ನಾನು ಓದಿ ಕನ್ನಡದಲ್ಲಿ ಹೇಳಬೇಕಿತ್ತು, ತಡವಾದ್ರೆ ತಲೆಗೊಂದು ಮೊಟಕು.